ಪಾಟಿ ಸವಾಲು ಇಲ್ಲದ ಸಾಕ್ಷಿ

ಒಂದು ಮೆಟ್ಟಿಲಿನಿಂದ ಶುರು ಮಾಡುತ್ತೇನೆ. ಮನೆ ದೊಡ್ಡದು, ಆದರೆ ಈ ಮೆಟ್ಟಿಲು ಹಿಂಭಾಗದ್ದು, ಕಿರಿದಾದದ್ದು. ಮರದ ಹಲಗೆ, ಎರಡೂ ಪಕ್ಕದಲ್ಲಿ ಗೋಡೆ. 2001ರ ಡಿಸೆಂಬರ್ 9ರ ನಸುಕಿನಲ್ಲಿ, ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದ ಡರಮ್ ನಗರದಲ್ಲಿ, ಈ ಮೆಟ್ಟಿಲಿನ ಬುಡದಲ್ಲಿ ಕ್ಯಾಥ್ಲೀನ್ ಪೀಟರ್ಸನ್ ಎಂಬ ಹೆಣ್ಣುಮಗಳು ರಕ್ತದ ಮಡುವಿನಲ್ಲಿ ಸತ್ತುಬಿದ್ದಿದ್ದರು. ವಯಸ್ಸು 48. ಗಂಡ ಮೈಕಲ್ ಪೀಟರ್ಸನ್ ಅಲ್ಲಿನ ತುರ್ತು ಸಂಖ್ಯೆ 911ಕ್ಕೆ ಫೋನ್ ಮಾಡಿ, ಹೆಂಡತಿ ಮೆಟ್ಟಿಲಿನಿಂದ ಬಿದ್ದಿದ್ದಾಳೆ, ಇನ್ನೂ ಉಸಿರಾಡುತ್ತಿದ್ದಾಳೆ ಎಂದರು. ಸ್ವಲ್ಪ ಹೊತ್ತಿಗೆ ಮತ್ತೆ ಫೋನ್ ಮಾಡಿದರು. ಆಗ ಉಸಿರು ನಿಂತಿತ್ತು.

ಬಿದ್ದು ಸತ್ತರೋ, ಯಾರಾದರೂ ಹೊಡೆದು ಕೊಂದರೋ? ಈ ಒಂದು ಪ್ರಶ್ನೆಯ ಹಿಂದೆ ಹೋದ ಸಾಕ್ಷ್ಯಚಿತ್ರ ಸರಣಿ 'ದಿ ಸ್ಟೇರ್‌ಕೇಸ್'. ನಿಮ್ಮಲ್ಲಿ ಎಷ್ಟೋ ಜನ ನೋಡಿರುತ್ತೀರಿ. ಮೊದಲು ಬಂದದ್ದು 2004ರಲ್ಲಿ, ಎಂಟು ಕಂತು. ಆಮೇಲೆ ಎರಡು ಸೇರಿದವು. 2018ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಇನ್ನೂ ಮೂರು. ಒಟ್ಟು ಹದಿಮೂರು ಕಂತು, ಹದಿನೈದು ವರ್ಷಕ್ಕೂ ಜಾಸ್ತಿ ಕಾಲದ ಕಥೆ. ಇವತ್ತು ಸಾಲುಸಾಲಾಗಿ ಬರುತ್ತಿರುವ ಅಪರಾಧ ಸಾಕ್ಷ್ಯಚಿತ್ರಗಳಿಗೆ ದಾರಿ ಹಾಕಿಕೊಟ್ಟ ಕೆಲಸಗಳಲ್ಲಿ ಇದೂ ಒಂದು.

ನಾನು ಇದನ್ನು ಮೊದಲ ಸಲ ನೋಡಿದಾಗ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಈ ಮನುಷ್ಯನಿಗೆ ಅನ್ಯಾಯ ಆಗಿದೆ ಎಂದು ಗಟ್ಟಿಯಾಗಿ ಅನಿಸಿತು. ಸಿಕ್ಕವರ ಹತ್ತಿರವೆಲ್ಲ ವಾದ ಮಾಡಿದೆ. ಎರಡನೇ ಸಲ ನೋಡುವಾಗ ಒಂದು ನೋಟ್‌ಬುಕ್ ಇಟ್ಟುಕೊಂಡೆ. ಪುಟದ ಮಧ್ಯೆ ಒಂದು ಗೆರೆ ಎಳೆದೆ. ಎಡಗಡೆ, ಈಗ ಯಾರು ಮಾತಾಡುತ್ತಿದ್ದಾರೆ. ಬಲಗಡೆ, ಅವರಿಗೆ ಎದುರು ಪ್ರಶ್ನೆ ಕೇಳಿದವರು ಯಾರು. ಇಷ್ಟೇ. ಮೂರು ಕಂತು ಮುಗಿಯುವಷ್ಟರಲ್ಲಿ ಎಡಗಡೆ ತುಂಬಿತ್ತು, ಬಲಗಡೆ ಬಹಳಷ್ಟು ಕಡೆ ಖಾಲಿ. ನಾನು ಇವತ್ತು ಹೇಳಬೇಕೆಂದು ಬಂದಿರುವುದು ಆ ಖಾಲಿ ಜಾಗದ ಬಗ್ಗೆ.

ಮೊದಲು ಸರಣಿ ಮಾಡಿದವರ ವಿಷಯ. ನಿರ್ದೇಶಕ ಝಾನ್-ಕ್ಸೇವಿಯೆ ದ ಲೆಸ್ತ್ರಾಡ್ ಫ್ರೆಂಚ್ ಮನುಷ್ಯ. ಇದಕ್ಕೆ ಮೊದಲು ಫ್ಲೋರಿಡಾದ ಜಾಕ್ಸನ್‌ವಿಲ್‌ನ ಒಂದು ಮೊಕದ್ದಮೆಯ ಮೇಲೆ ಸಾಕ್ಷ್ಯಚಿತ್ರ ಮಾಡಿದ್ದರು. ಅಲ್ಲಿ 15 ವರ್ಷದ ಒಬ್ಬ ಕಪ್ಪು ಹುಡುಗನನ್ನು ಕೊಲೆ ಆರೋಪದ ಮೇಲೆ ಹಿಡಿದಿದ್ದರು. ಪೊಲೀಸರು ತಪ್ಪೊಪ್ಪಿಗೆಯನ್ನೂ ಬರೆಸಿಕೊಂಡಿದ್ದರು. ಸರ್ಕಾರ ನೇಮಿಸಿದ ವಕೀಲರು ಕೇಸನ್ನು ಎಳೆ ಎಳೆಯಾಗಿ ಬಿಡಿಸಿ ಹುಡುಗನನ್ನು ಹೊರಗೆ ತಂದರು. ಆ ಚಿತ್ರಕ್ಕೆ ಆಸ್ಕರ್ ಬಂತು. ಬಡವನಿಗೆ ನ್ಯಾಯ ಹೇಗೆ ಸಿಗುತ್ತದೆ ಎಂದು ನೋಡಿದ್ದಾಯಿತು, ಈಗ ದುಡ್ಡಿರುವವನಿಗೆ ಹೇಗೆ ನಡೆಯುತ್ತದೆ ನೋಡೋಣ ಎಂಬ ಕುತೂಹಲ ಸಹಜವೇ. ಮೈಕಲ್ ಪೀಟರ್ಸನ್ ಸಿಕ್ಕರು. ಕಾದಂಬರಿಕಾರ, ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದವರು, ಊರಿನ ಪತ್ರಿಕೆಗೆ ಅಂಕಣ ಬರೆದವರು, ಮೇಯರ್ ಚುನಾವಣೆಗೂ ನಿಂತಿದ್ದವರು. ಅಂಕಣದಲ್ಲಿ ಪೊಲೀಸರನ್ನೂ, ಸರ್ಕಾರದ ಪರ ಮೊಕದ್ದಮೆ ನಡೆಸುವ ಪ್ರಾಸಿಕ್ಯೂಷನ್ ಕಚೇರಿಯನ್ನೂ ಖಾರವಾಗಿ ಟೀಕಿಸಿದ್ದರು.

ಮೊಕದ್ದಮೆ ಶುರುವಾಗುವ ಎಷ್ಟೋ ತಿಂಗಳು ಮೊದಲೇ ಕ್ಯಾಮೆರಾ ಮೈಕಲ್ ಅವರ ಮನೆ ಒಳಗೆ ಹೋಯಿತು. ಡಿಫೆನ್ಸ್ ವಕೀಲ ಡೇವಿಡ್ ರುಡಾಲ್ಫ್ ಮತ್ತು ಅವರ ತಂಡ ಕೂತು ಚರ್ಚೆ ಮಾಡುವ ಕೋಣೆಗೂ ಹೋಯಿತು. ಪ್ರಾಸಿಕ್ಯೂಷನ್‌ನವರು ಮೊದಮೊದಲು ಸ್ವಲ್ಪ ಮಾತಾಡಿದರು, ಆಮೇಲೆ ದೂರವೇ ಉಳಿದರು. ಹಾಗಾಗಿ ಕ್ಯಾಮೆರಾಗೆ ಕೂರಲು ಒಂದೇ ಕಡೆ ಜಾಗ ಸಿಕ್ಕಿತು. ಇದರಲ್ಲಿ ಮೋಸ ಇದೆ ಎಂದು ನಾನು ಹೇಳುತ್ತಿಲ್ಲ. ಬಾಗಿಲು ತೆರೆದವರ ಮನೆಗೆ ಹೋದರು. ಆದರೆ ಯಾರ ಮನೆಯ ಊಟದ ಮೇಜಿನ ಹತ್ತಿರ ತಿಂಗಳುಗಟ್ಟಲೆ ಕೂರುತ್ತೇವೋ ಅವರ ನಗು, ಅವರ ಮಕ್ಕಳ ಅಳು, ಅವರ ಭಯ ಎಲ್ಲವೂ ನಮಗೆ ಗೊತ್ತಾಗುತ್ತಾ ಹೋಗುತ್ತದೆ, ಅಲ್ವಾ? ಪ್ರಾಸಿಕ್ಯೂಟರ್ ಜಿಮ್ ಹಾರ್ಡಿನ್ ಅವರನ್ನು ನಾವು ನೋಡುವುದು ಹೆಚ್ಚಾಗಿ ಕೋರ್ಟಿನಲ್ಲಿ, ಕೋಟು ಹಾಕಿಕೊಂಡು ಆರೋಪ ಮಾಡುವಾಗ. ಮೈಕಲ್ ಅವರನ್ನು ನೋಡುವುದು ಪೈಪು ಸೇದುತ್ತಾ, ಮಕ್ಕಳ ಜೊತೆ ಹರಟುತ್ತಾ ಇರುವಾಗ. ಯಾರು ನಮಗೆ ಹತ್ತಿರದವರಾಗುತ್ತಾರೆ ಹೇಳಿ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ ಸಂಗತಿಗೆ ಬರುತ್ತೇನೆ. 2003ರ ಆ ಮೊಕದ್ದಮೆಯಲ್ಲಿ ಮೈಕಲ್ ಪೀಟರ್ಸನ್ ಸಾಕ್ಷಿ ಕಟ್ಟೆ ಹತ್ತಲೇ ಇಲ್ಲ. ಅದು ಅವರ ಹಕ್ಕು. ಅಮೆರಿಕದ ಸಂವಿಧಾನದ ಪ್ರಕಾರ ಆರೋಪಿಯನ್ನು ಮಾತಾಡು ಎಂದು ಬಲವಂತ ಮಾಡುವಂತಿಲ್ಲ. ಮಾತಾಡಲಿಲ್ಲ ಅಂದಮೇಲೆ ತಪ್ಪಿತಸ್ಥನೇ ಇರಬೇಕು ಎಂದು ಜ್ಯೂರಿ, ಅಂದರೆ ತೀರ್ಪು ಹೇಳಲು ಜನಸಾಮಾನ್ಯರಿಂದ ಆರಿಸಿದ ಗುಂಪು, ಅಂದುಕೊಳ್ಳುವಂತೆಯೂ ಇಲ್ಲ. ಎಷ್ಟೋ ಒಳ್ಳೆಯ ವಕೀಲರು ತಮ್ಮ ಕಕ್ಷಿದಾರನಿಗೆ ಸುಮ್ನೆ ಕೂತಿರು ಎಂದೇ ಹೇಳುತ್ತಾರೆ. ಇದೆಲ್ಲ ಸರಿ.

ಆದರೆ ಹನ್ನೆರಡು ಜನ ಜ್ಯೂರಿ ಸದಸ್ಯರ ಮುಂದೆ ಒಂದು ಮಾತೂ ಆಡದ ಅದೇ ಮನುಷ್ಯ ನಮ್ಮ ಮುಂದೆ ಗಂಟೆಗಟ್ಟಲೆ ಮಾತಾಡಿದ್ದಾರೆ. ಮೊದಲ ಕಂತಿನಲ್ಲೇ ಆ ರಾತ್ರಿ ಏನಾಯಿತು ಎಂದು ಮನೆಯಲ್ಲಿ ನಡೆದು ತೋರಿಸುತ್ತಾರೆ. ಸಿನಿಮಾ ನೋಡಿದ್ದು, ವೈನ್ ಕುಡಿದದ್ದು, ಈಜುಕೊಳದ ಹತ್ತಿರ ಇಬ್ಬರೂ ಕೂತಿದ್ದು, ಅವಳು ಎದ್ದು ಒಳಗೆ ಹೋದದ್ದು. ಕೇಳಲು ಇಂಪಾಗಿದೆ. ಬರಹಗಾರ ಅಲ್ವಾ, ಕಥೆ ಹೇಳುವುದು ಚೆನ್ನಾಗಿ ಗೊತ್ತು. ಸಂಜೆಯ ಬೆಳಕು, ನೀರಿನ ಪಕ್ಕ ಒಬ್ಬಂಟಿ ಗಂಡ. ಕೋರ್ಟಿನಲ್ಲಿ ಇದನ್ನೇ ಹೇಳಿದ್ದರೆ ಎದುರು ವಕೀಲರು ತಕ್ಷಣ ಎದ್ದು ನಿಲ್ಲುತ್ತಿದ್ದರು. ಡಿಸೆಂಬರ್ ರಾತ್ರಿಯಲ್ಲಿ ಎಷ್ಟು ಹೊತ್ತು ಹೊರಗೆ ಕೂತಿದ್ದಿರಿ? ಅವರು ಒಳಗೆ ಹೋದದ್ದು ಎಷ್ಟು ಗಂಟೆಗೆ? ಗಡಿಯಾರ ನೋಡಿದಿರಾ? ಏನೂ ಸದ್ದು ಕೇಳಲಿಲ್ವಾ? ಪಾಟಿ ಸವಾಲು ಅಂದರೆ ಇದೇ. ಮನಸ್ಸಿಗೆ ಕಿರಿಕಿರಿ ಮಾಡುವ ಕೆಲಸ. ಆದರೆ ಸುಳ್ಳನ್ನೂ ಸತ್ಯವನ್ನೂ ಬೇರೆ ಮಾಡಲು ಕೋರ್ಟಿನ ಹತ್ತಿರ ಇರುವ ಜರಡಿ ಅದೊಂದೇ. ಸರಣಿಯಲ್ಲಿ ಆ ಜರಡಿ ಇಲ್ಲ. ಮಾತು ನೇರವಾಗಿ ನಮ್ಮ ಮಡಿಲಿಗೆ ಬಂದು ಬೀಳುತ್ತದೆ.

ಮೈಕಲ್ ಸುಳ್ಳು ಹೇಳಿದ್ದಾರೆ ಎಂದಲ್ಲ ನನ್ನ ಮಾತಿನ ಅರ್ಥ. ನಿಜವನ್ನೇ ಹೇಳಿರಬಹುದು. ನಿಜ ಹೇಳುವವನಿಗೂ ಪಾಟಿ ಸವಾಲು ಬೇಕು. ಅದನ್ನು ದಾಟಿ ಬಂದ ಮೇಲೆ ಮಾತಿಗೆ ತೂಕ ಬರುತ್ತದೆ.

ಹಾಗಾದರೆ ಜ್ಯೂರಿ ಏನು ನೋಡಿತು? ಮರಣೋತ್ತರ ಪರೀಕ್ಷೆಯಲ್ಲಿ ಕ್ಯಾಥ್ಲೀನ್ ಅವರ ತಲೆಯ ಹಿಂಭಾಗದಲ್ಲಿ ಏಳು ಸೀಳು ಗಾಯ ಕಂಡಿದ್ದವು. ಒಂದು ಸಲ ಬಿದ್ದರೆ ಏಳು ಗಾಯ ಹೇಗೆ ಎಂದು ಪ್ರಾಸಿಕ್ಯೂಷನ್ ಕೇಳಿತು. ಹೊಡೆದು ಕೊಂದಿದ್ದರೆ ತಲೆಬುರುಡೆ ಒಡೆಯಲೇ ಇಲ್ಲ ಯಾಕೆ ಎಂದು ಡಿಫೆನ್ಸ್ ಕೇಳಿತು. ಎರಡೂ ಒಳ್ಳೆಯ ಪ್ರಶ್ನೆಗಳೇ. ಈ ಎರಡನ್ನೂ ಸರಣಿ ಚೆನ್ನಾಗಿ ತೋರಿಸುತ್ತದೆ. ಆದರೆ ಮರಣೋತ್ತರ ಪರೀಕ್ಷೆಯಲ್ಲಿ ಇನ್ನೊಂದು ಸಂಗತಿಯೂ ಇತ್ತು. ಗಂಟಲಿನ ಥೈರಾಯ್ಡ್ ಮೃದ್ವಸ್ಥಿಯ ಒಂದು ತುದಿ ಮುರಿದಿತ್ತು. ಕತ್ತಿನ ಮೇಲೆ ಒತ್ತಡ ಬಿದ್ದಿದೆ ಎನ್ನುವವರಿಗೆ ಇದು ದೊಡ್ಡ ಸುಳಿವು. ಸರಣಿಯನ್ನು ಎರಡು ಸಲ ನೋಡಿದ ಮೇಲೂ ಇದು ನನ್ನ ತಲೆಯಲ್ಲಿ ಕೂತಿರಲಿಲ್ಲ. ಆಮೇಲೆ ಮೊಕದ್ದಮೆಯ ಬಗ್ಗೆ ಬೇರೆ ಕಡೆ ಓದಿದಾಗಲೇ ಅದು ಮನಸ್ಸಿಗೆ ತಟ್ಟಿದ್ದು. ಆ ದಿನ ನೋಟ್‌ಬುಕ್ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಅಷ್ಟು ಜನರ ಹತ್ತಿರ ಗಟ್ಟಿಯಾಗಿ ವಾದ ಮಾಡಿದ್ದೆನಲ್ಲ, ಅವರಲ್ಲಿ ಒಬ್ಬರಿಗೂ ನಾನು ಈ ವಿಷಯ ಹೇಳಿರಲಿಲ್ಲ.

ಮೂರು ತಿಂಗಳು ಮೀರಿ ನಡೆದ ಮೊಕದ್ದಮೆಯನ್ನು ಎಂಟು ಕಂತಿಗೆ ಇಳಿಸುವಾಗ ಏನಾದರೂ ಬಿಡಲೇಬೇಕು. ಕೋರ್ಟ್ ಟಿವಿ ಎಂಬ ಚಾನೆಲ್ ಇದೇ ಮೊಕದ್ದಮೆಯನ್ನು ಆಗ ನೇರ ಪ್ರಸಾರ ಮಾಡುತ್ತಿತ್ತು. ಅದನ್ನು ದಿನಾ ಕೂತು ನೋಡಿದವರಿಗೂ ಸರಣಿಯನ್ನು ಮಾತ್ರ ನೋಡಿದವರಿಗೂ ಮಾತಿಗೆ ಬಿಟ್ಟರೆ, ಇಬ್ಬರೂ ಬೇರೆ ಬೇರೆ ಕೇಸಿನ ಬಗ್ಗೆ ಮಾತಾಡುತ್ತಿದ್ದಾರೇನೋ ಅನಿಸುತ್ತದೆ.

ಇನ್ನು ಆಯುಧದ ಕಥೆ. ಅಗ್ಗಿಷ್ಟಿಕೆಯ ಬೆಂಕಿಯನ್ನು ಕೆದಕಲೂ ಊದಲೂ ಬರುವಂಥ ಲೋಹದ ಟೊಳ್ಳು ಊದುಗೊಳವೆ ಒಂದು ಆ ಮನೆಯಲ್ಲಿತ್ತು. ಕ್ಯಾಥ್ಲೀನ್ ಅವರ ಸೋದರಿ ಕೊಟ್ಟ ಉಡುಗೊರೆ. ಅದು ಕಾಣೆಯಾಗಿದೆ, ಅದರಿಂದಲೇ ಹೊಡೆದಿದ್ದಾರೆ ಎಂದು ಪ್ರಾಸಿಕ್ಯೂಷನ್ ತಿಂಗಳುಗಟ್ಟಲೆ ಹೇಳಿತು. ಅದರಂಥದ್ದೇ ಇನ್ನೊಂದನ್ನು ತಂದು ಜ್ಯೂರಿಗೆ ತೋರಿಸಿತು. ಮೊಕದ್ದಮೆ ಮುಗಿಯುವ ಹೊತ್ತಿಗೆ ಆ ಊದುಗೊಳವೆ ಮನೆಯ ಗ್ಯಾರೇಜಿನಲ್ಲಿ ಸಿಕ್ಕಿಬಿಟ್ಟಿತು. ಧೂಳು, ಜೇಡರಬಲೆ. ಎಲ್ಲೂ ನೆಗ್ಗಿಲ್ಲ, ರಕ್ತವಿಲ್ಲ. ಅದನ್ನು ಮುಟ್ಟದೆ, ಫೋಟೊ ತೆಗೆಸಿ, ನ್ಯಾಯಾಧೀಶರಿಗೆ ಹೇಗೆ ತೋರಿಸುವುದು ಎಂದು ವಕೀಲರು ಲೆಕ್ಕ ಹಾಕುವುದನ್ನು ನಾವು ಪಕ್ಕದಲ್ಲೇ ನಿಂತು ನೋಡುತ್ತೇವೆ. ಆ ಕ್ಷಣದಲ್ಲಿ ನನಗಂತೂ ಕೇಸು ಗೆದ್ದೇಬಿಟ್ಟೆವು ಅನಿಸಿತ್ತು. ಗೆದ್ದೆವು! ನಾವು ಯಾವಾಗ ಆ ತಂಡದವರಾದೆವು? 2003ರ ಅಕ್ಟೋಬರ್ 10ರಂದು ಜ್ಯೂರಿ ತಪ್ಪಿತಸ್ಥ ಎಂದಿತು. ಪೆರೋಲ್ ಇಲ್ಲದ, ಅಂದರೆ ಅವಧಿಗೆ ಮುಂಚೆ ಬಿಡುಗಡೆಯ ಅವಕಾಶವೇ ಇಲ್ಲದ ಜೀವಾವಧಿ ಶಿಕ್ಷೆ. ನಾನು ನಿಜವಾಗಲೂ ಬೆಚ್ಚಿಬಿದ್ದೆ. ತೀರ್ಪು ಯಾಕೆ ಹಾಗೆ ಬಂತು ಎಂದು ಅರ್ಥವಾಗದಷ್ಟು ಮಟ್ಟಿಗೆ ನಾನು ಒಂದೇ ಕೋಣೆಯಲ್ಲಿ ಕೂತಿದ್ದೆ.

ಇಲ್ಲಿ ಒಂದು ಮಾತು ನ್ಯಾಯವಾಗಿ ಹೇಳಬೇಕು. ಕ್ಯಾಮೆರಾ ಆ ಕೋಣೆಯಲ್ಲಿ ಕೂತಿದ್ದರಿಂದಲೇ ನಮಗೆ ಕೆಲವು ದೊಡ್ಡ ವಿಷಯಗಳು ಗೊತ್ತಾದವು. ಅದರಲ್ಲಿ ಮುಖ್ಯವಾದದ್ದು ರಕ್ತದ ಕಲೆಯ ವಿಷಯ.

ರಾಜ್ಯದ ತನಿಖಾ ಸಂಸ್ಥೆ ಎಸ್‌ಬಿಐನ ಡುವೇನ್ ಡೀವರ್ ಎಂಬ ತಜ್ಞ ಜ್ಯೂರಿ ಮುಂದೆ ಬಂದು, ಗೋಡೆಯ ಮೇಲಿನ ಕಲೆಗಳನ್ನು ನೋಡಿದರೆ ಹೊಡೆದದ್ದೇ ಖಚಿತ ಎಂದರು. ಮೈಕಲ್ ತೊಟ್ಟಿದ್ದ ಚಡ್ಡಿಯ ಒಳಮಗ್ಗುಲಲ್ಲೂ ಕಲೆ ಇದೆ, ಅಂದರೆ ಹೊಡೆಯುವಾಗ ಆಕೆಯ ಮೇಲೆ ನಿಂತಿದ್ದರು ಎಂದರು. ಅದಕ್ಕೆ ಅವರು ಪ್ರಯೋಗ ಮಾಡಿದ್ದರು. ಅದರ ವಿಡಿಯೊ ಸರಣಿಯಲ್ಲಿದೆ, ದಯವಿಟ್ಟು ಅದನ್ನು ಗಮನವಿಟ್ಟು ನೋಡಿ. ರಕ್ತದಲ್ಲಿ ನೆನೆಸಿದ ಸ್ಪಂಜು. ಅದರ ಮೇಲೆ ಕೋಲಿನಿಂದ ಏಟು. ಬೇಕಾದ ಕಡೆ ಬೇಕಾದಂಥ ಕಲೆ ಬೀಳುವವರೆಗೂ ಮತ್ತೆ ಮತ್ತೆ ಪ್ರಯತ್ನ. ಉತ್ತರ ಮೊದಲೇ ಕೈಯಲ್ಲಿದೆ, ಅದಕ್ಕೆ ಹೊಂದುವ ಲೆಕ್ಕ ಹುಡುಕುತ್ತಿದ್ದಾರೆ. ಡಿಫೆನ್ಸ್ ಕಡೆಯ ಹೆಸರಾಂತ ತಜ್ಞ ಹೆನ್ರಿ ಲೀ ಕೋರ್ಟಿನಲ್ಲೇ ಬಾಯಿಗೆ ಕೆಚಪ್ ಹಾಕಿಕೊಂಡು ಉಗಿದು ತೋರಿಸಿದರು. ಗಾಯಗೊಂಡವರು ಕೆಮ್ಮಿದರೂ ಹೀಗೇ ಸಿಡಿಯುತ್ತದೆ ಎನ್ನುವುದು ಅವರ ವಾದ. ಒಂದು ಕಡೆ ಸ್ಪಂಜು, ಇನ್ನೊಂದು ಕಡೆ ಕೆಚಪ್. ಒಬ್ಬ ಮನುಷ್ಯನ ಉಳಿದ ಆಯುಷ್ಯ ಇವೆರಡರ ಮಧ್ಯೆ ತೂಗುತ್ತಿತ್ತು ಎಂದು ನೆನೆದರೆ ನನಗೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. 2009ರಲ್ಲಿ ಅಮೆರಿಕದ ನ್ಯಾಷನಲ್ ಅಕಾಡೆಮಿ ಆಫ್ ಸೈನ್ಸಸ್ ಒಂದು ವರದಿ ಕೊಟ್ಟಿತು. ರಕ್ತದ ಕಲೆ ನೋಡಿ ನಡೆದದ್ದನ್ನು ಹೇಳುವ ಈ ವಿದ್ಯೆಯಲ್ಲಿ ಅನಿಶ್ಚಿತತೆ ಬಹಳ ದೊಡ್ಡದು ಎಂದು ಅದರಲ್ಲಿ ನೇರವಾಗಿಯೇ ಬರೆದಿದ್ದಾರೆ.

ಡೀವರ್ ಕಥೆ ಅಲ್ಲಿಗೆ ಮುಗಿಯಲಿಲ್ಲ. 2010ರಲ್ಲಿ ನಾರ್ತ್ ಕ್ಯಾರೊಲಿನಾದಲ್ಲೇ ಇನ್ನೊಂದು ಕೇಸಿನಲ್ಲಿ ಸುಮಾರು 17 ವರ್ಷ ಜೈಲಿನಲ್ಲಿದ್ದ ಒಬ್ಬ ವ್ಯಕ್ತಿ ನಿರಪರಾಧಿ ಎಂದು ಹೊರಗೆ ಬಂದರು. ಅವರ ವಾಹನದ ಮೇಲೆ ರಕ್ತದ ಸೂಚನೆ ಇದೆ ಎಂದು ಡೀವರ್ ವರದಿ ಕೊಟ್ಟಿದ್ದರು. ಆಮೇಲಿನ ಪರೀಕ್ಷೆಯಲ್ಲಿ ರಕ್ತ ಅಲ್ಲ ಎಂದು ಬಂದದ್ದನ್ನು ವರದಿಯಲ್ಲಿ ಬರೆದಿರಲಿಲ್ಲ. ಅದರ ನಂತರ ಎಸ್‌ಬಿಐ ಪ್ರಯೋಗಾಲಯದ ಹಳೆಯ ಫೈಲುಗಳನ್ನೆಲ್ಲ ಹೊರಗಿನವರಿಂದ ತಪಾಸಣೆ ಮಾಡಿಸಿದರು. 200ಕ್ಕೂ ಹೆಚ್ಚು ಕೇಸುಗಳಲ್ಲಿ ರಕ್ತಪರೀಕ್ಷೆಯ ಫಲಿತಾಂಶವನ್ನು ಪೂರ್ತಿ ಹೇಳಿಲ್ಲ ಅಥವಾ ತಪ್ಪಾಗಿ ಹೇಳಿದ್ದಾರೆ ಎಂದು ಗೊತ್ತಾಯಿತು. 2011ರ ಜನವರಿಯಲ್ಲಿ ಡೀವರ್ ಕೆಲಸ ಹೋಯಿತು. ಅದೇ ವರ್ಷ ಡಿಸೆಂಬರ್‌ನಲ್ಲಿ, ಮೊದಲು ಮೊಕದ್ದಮೆ ನಡೆಸಿದ್ದ ನ್ಯಾಯಾಧೀಶ ಒರ್ಲಾಂಡೊ ಹಡ್ಸನ್ ಅವರೇ, ಡೀವರ್ ತಮ್ಮ ಅನುಭವದ ಬಗ್ಗೆ, ಕೆಲಸದ ಬಗ್ಗೆ ಜ್ಯೂರಿಯನ್ನು ದಾರಿ ತಪ್ಪಿಸಿದ್ದಾರೆ ಎಂದು ಹೊಸ ವಿಚಾರಣೆಗೆ ಆದೇಶ ಕೊಟ್ಟರು. ಎಂಟು ವರ್ಷ ಜೈಲಿನಲ್ಲಿದ್ದ ಮೈಕಲ್ ಜಾಮೀನಿನ ಮೇಲೆ ಹೊರಗೆ ಬಂದರು.

ಗಮನಿಸಿ, ಇಲ್ಲಿ ಏನಾಯಿತು? 2003ರಲ್ಲಿ ಡೀವರ್ ಅವರಿಗೆ ಪಾಟಿ ಸವಾಲು ಆಗಿತ್ತು. ರುಡಾಲ್ಫ್ ಗಟ್ಟಿಯಾಗಿಯೇ ಕೇಳಿದ್ದರು. ಆದರೂ ಆಗ ಜ್ಯೂರಿ ಡೀವರ್ ಮಾತನ್ನು ಪಕ್ಕಕ್ಕಿಡಲಿಲ್ಲ. ಅಂದರೆ ಜರಡಿಗೂ ತೂತು ದೊಡ್ಡದಾಗಿರಬಹುದು. ಇದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಅವತ್ತು ಕೇಳಿದ ಪ್ರಶ್ನೆಗಳು, ಅವರು ಕೊಟ್ಟ ಉತ್ತರಗಳು ಎಲ್ಲವೂ ಕೋರ್ಟಿನ ದಾಖಲೆಯಲ್ಲಿ ಅಕ್ಷರಕ್ಕೆ ಅಕ್ಷರ ಉಳಿದಿದ್ದವು. ಎಂಟು ವರ್ಷದ ನಂತರ ಅವನ್ನು ಹೊರತೆಗೆದು, ನೀನು ಹೀಗೆ ಹೇಳಿದ್ದೆ, ಇದು ಸುಳ್ಳು ಎಂದು ಎದುರಿಗಿಡಲು ಆಗಿದ್ದು ಅದರಿಂದಲೇ.

ಜ್ಯೂರಿ ಕೇಳಿದ ಇನ್ನೊಂದು ವಿಷಯವನ್ನೂ ಹೇಳಲೇಬೇಕು. 1985ರಲ್ಲಿ ಪೀಟರ್ಸನ್ ಜರ್ಮನಿಯಲ್ಲಿದ್ದಾಗ ಅವರ ಸ್ನೇಹಿತೆ ಎಲಿಜಬೆತ್ ರಾಟ್‌ಲಿಫ್ ಸತ್ತಿದ್ದರು. ಅವರ ದೇಹವೂ ಮೆಟ್ಟಿಲಿನ ಬುಡದಲ್ಲೇ ಸಿಕ್ಕಿತ್ತು. ಮಿದುಳಿನ ರಕ್ತಸ್ರಾವ ಎಂದು ಆಗ ತೀರ್ಮಾನವಾಗಿತ್ತು. ಆಕೆಯ ಇಬ್ಬರು ಹೆಣ್ಣುಮಕ್ಕಳನ್ನು ಬೆಳೆಸಿದವರು ಮೈಕಲ್. 2003ರಲ್ಲಿ ಟೆಕ್ಸಾಸ್‌ನಲ್ಲಿದ್ದ ಆಕೆಯ ಸಮಾಧಿ ಅಗೆದು ದೇಹವನ್ನು ಮತ್ತೆ ಪರೀಕ್ಷೆ ಮಾಡಿದರು, ಈ ಸಲ ಕೊಲೆ ಎಂದು ವರದಿ ಬಂತು. ಅಮ್ಮನ ಸಮಾಧಿ ಅಗೆಯುವ ಸುದ್ದಿಯನ್ನು ಆ ಹುಡುಗಿಯರು ಎದುರಿಸುವ ದೃಶ್ಯ ಸರಣಿಯಲ್ಲಿದೆ. ಅದನ್ನು ನೋಡುವುದು ಕಷ್ಟ. ಎರಡು ಮೆಟ್ಟಿಲು, ಎರಡು ಸಾವು. ಕೇಳಿದವರ ಮನಸ್ಸಿನಲ್ಲಿ ಅದು ಅಳಿಯುತ್ತದಾ? ಮೈಕಲ್ ಗಂಡಸರ ಜೊತೆಗೂ ಸಂಬಂಧ ಹುಡುಕುತ್ತಿದ್ದರು ಎಂಬ ಇಮೇಲ್‌ಗಳನ್ನೂ ಜ್ಯೂರಿ ಮುಂದಿಟ್ಟರು. ಈ ಎರಡು ವಿಷಯವನ್ನು ಒಳಗೆ ಬಿಟ್ಟದ್ದರ ಬಗ್ಗೆ ನ್ಯಾಯಾಧೀಶ ಹಡ್ಸನ್ ಎಷ್ಟೋ ವರ್ಷದ ಮೇಲೆ ತಾವೇ ಸಂದೇಹ ಹೇಳಿಕೊಂಡರು. ಒಬ್ಬ ನ್ಯಾಯಾಧೀಶ ತನ್ನದೇ ಆದೇಶದ ಬಗ್ಗೆ ಹಾಗೆ ಬಾಯಿಬಿಟ್ಟು ಹೇಳುವುದು ದೊಡ್ಡ ಮಾತು. ನನಗೆ ಅವರ ಮೇಲೆ ಗೌರವ ಹೆಚ್ಚಾಯಿತು.

ಸರಣಿಯ ಸಂಪಾದನೆ ಮಾಡಿದವರ ವಿಷಯ ಇಲ್ಲಿ ಬರಲೇಬೇಕು. ಸಂಪಾದಕಿಗೂ ಮೈಕಲ್ ಅವರಿಗೂ ಪತ್ರ ವ್ಯವಹಾರ ಬೆಳೆದು, ಅದು ಪ್ರೀತಿಯಾಗಿ, ಕೆಲವು ವರ್ಷ ಉಳಿಯಿತು. ಇದರಿಂದ ಸಂಪಾದನೆಯ ಮೇಲೆ ಪರಿಣಾಮ ಆಗಿಲ್ಲ ಎಂದು ನಿರ್ದೇಶಕರು ಹೇಳಿದ್ದಾರೆ. ನಾನು ಆ ಹೆಣ್ಣುಮಗಳ ಬಗ್ಗೆ ಹಗುರವಾಗಿ ಮಾತಾಡುವುದಿಲ್ಲ. ಆದರೆ ಸರಣಿ ನೋಡುವವರಿಗೆ ಇದು ಗೊತ್ತಿರಬೇಕಿತ್ತು. ಜ್ಯೂರಿಗೆ ಆರಿಸುವಾಗ ಪ್ರತಿಯೊಬ್ಬರನ್ನೂ ಕೇಳುತ್ತಾರೆ, ನಿಮಗೆ ಆರೋಪಿ ಗೊತ್ತಾ, ಅವರ ಮನೆಯವರು ಗೊತ್ತಾ ಎಂದು. ನಮಗೆ ಕಥೆ ಹೇಳುವವರನ್ನು ನಾವು ಆ ಪ್ರಶ್ನೆ ಕೇಳುವುದೇ ಇಲ್ಲ.

ಕಡೆಯ ಅಂಕಕ್ಕೆ ಬರೋಣ. ಹೊಸ ವಿಚಾರಣೆ ನಡೆಯಲೇ ಇಲ್ಲ. 2017ರ ಫೆಬ್ರವರಿ 24ರಂದು ಮೈಕಲ್ 'ಆಲ್ಫರ್ಡ್ ಪ್ಲೀ' ಎಂಬ ದಾರಿ ಹಿಡಿದರು. ನಾನು ತಪ್ಪು ಮಾಡಿದೆ ಎಂದು ಒಪ್ಪುವುದಿಲ್ಲ, ಆದರೆ ನನ್ನನ್ನು ತಪ್ಪಿತಸ್ಥ ಎನ್ನಲು ಸಾಕಾಗುವಷ್ಟು ಸಾಕ್ಷ್ಯ ಅವರ ಹತ್ತಿರ ಇದೆ ಎಂದು ಒಪ್ಪುತ್ತೇನೆ. ಇದು ಅದರ ತಿರುಳು. ಈ ಹೆಸರು ಬಂದದ್ದೂ ನಾರ್ತ್ ಕ್ಯಾರೊಲಿನಾದ್ದೇ ಒಂದು ಕೇಸಿನಿಂದ. ಹೆನ್ರಿ ಆಲ್ಫರ್ಡ್ ಎಂಬಾತ ತಾನು ಕೊಂದಿಲ್ಲ ಎನ್ನುತ್ತಲೇ, ಮರಣದಂಡನೆಯ ಭಯಕ್ಕೆ ತಪ್ಪೊಪ್ಪಿಗೆ ಕೊಟ್ಟಿದ್ದ. ಅದು ಸಿಂಧುವೇ ಎಂದು 1970ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು. ಕೊಲೆ ಆರೋಪ ಇಳಿದು, ಉದ್ದೇಶಪೂರ್ವಕ ನರಹತ್ಯೆ ಎಂಬ ಕಡಿಮೆ ಆರೋಪವಾಯಿತು. ಶಿಕ್ಷೆ 64ರಿಂದ 86 ತಿಂಗಳು. ಅದಕ್ಕಿಂತ ಜಾಸ್ತಿ ಅವಧಿಯನ್ನು ಮೈಕಲ್ ಆಗಲೇ ಜೈಲಿನಲ್ಲಿ ಕಳೆದಿದ್ದರು. ಹಾಗಾಗಿ ಅವತ್ತೇ ಮನೆಗೆ. ಪಾಟಿ ಸವಾಲಿನ ಬಾಗಿಲು ಅಲ್ಲಿಗೆ ಪೂರ್ತಿ ಮುಚ್ಚಿತು.

ಇಷ್ಟೆಲ್ಲ ಮಾತಾಡಿದೆ, ಕ್ಯಾಥ್ಲೀನ್ ಬಗ್ಗೆ ಎಷ್ಟು ಹೇಳಿದೆ? ನೋಟ್‌ಬುಕ್ಕಿನ ಎಡಗಡೆ ಸಾಲಿನಲ್ಲಿ ಅವರ ಹೆಸರು ಬರಲು ಸಾಧ್ಯವೇ ಇಲ್ಲ. ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದಿದವರು. ನೋರ್ಟೆಲ್ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. ಮನೆಯ ಖರ್ಚಿನ ದೊಡ್ಡ ಪಾಲು ಅವರ ಸಂಬಳದಿಂದ ನಡೆಯುತ್ತಿತ್ತು. ಒಬ್ಬ ಮಗಳ ತಾಯಿ. ಆ ಮಗಳು ಮೊದಲು ಮಲತಂದೆಯ ಪರವಾಗಿಯೇ ನಿಂತಿದ್ದಳು. ಮರಣೋತ್ತರ ಪರೀಕ್ಷೆಯ ವರದಿ ಓದಿದ ಮೇಲೆ ಬೇರೆಯಾದಳು. ಮನೆಯಲ್ಲಿ ಒಟ್ಟು ಐವರು ಮಕ್ಕಳು. ನಾಲ್ವರು ಕ್ಯಾಮೆರಾ ಇದ್ದ ಕಡೆ ಉಳಿದರು. ಅವರ ಕಣ್ಣೀರು ನಮಗೆ ಹತ್ತಿರದಿಂದ ಗೊತ್ತು. ಐದನೆಯವಳು ವರದಿ ಓದಿದ ಆ ರಾತ್ರಿ ಹೇಗಿದ್ದಳು, ಯಾರ ಹತ್ತಿರ ಅತ್ತಳು, ನಮಗೆ ಗೊತ್ತಿಲ್ಲ.

2017ರ ಆ ದಿನ ಕೋರ್ಟಿನಲ್ಲಿ ಕ್ಯಾಥ್ಲೀನ್ ಅವರ ಸೋದರಿ ಎದ್ದು ಮಾತಾಡಿದರು. ಊದುಗೊಳವೆಯನ್ನು ಉಡುಗೊರೆ ಕೊಟ್ಟವರು. ಒಪ್ಪಂದಕ್ಕೆ ನೀವು ಯಾವ ಹೆಸರಾದರೂ ಇಡಿ, ನನ್ನ ಲೆಕ್ಕದಲ್ಲಿ ಈತ ತಪ್ಪಿತಸ್ಥನೇ ಎಂಬ ಅರ್ಥದಲ್ಲಿ ಹೇಳಿದರು. ಹದಿನೈದು ವರ್ಷದ ಸಿಟ್ಟು ದನಿಯಲ್ಲಿತ್ತು. ನೋಟ್‌ಬುಕ್ಕಿನ ಕಡೆಯ ಪುಟದಲ್ಲಿ ಎಡಗಡೆ ಅವರನ್ನೂ ಬರೆದೆ. ಬಲಗಡೆ ಅಲ್ಲೂ ಖಾಲಿಯೇ. ಅವರ ಮಾತು ಮುಗಿಯಿತು, ಅವರು ಹೋಗಿ ಕೂತರು. ಕಲಾಪ ಮುಗಿದ ಮೇಲೆ ಕ್ಯಾಮೆರಾ ಮೈಕಲ್ ಅವರ ಜೊತೆ ಹೊರಗೆ ಬಂತು.